ಫಾರ್ಮ್ಯಾಟ್ ಮಾಡಿಸುವ ಮುಂಚೆ ಒಂದು ಗಂಟೆ ಕೊಡಿ

ಕ್ರೋಮ್ ತೆರೆದರೆ ಗೂಗಲ್ ಬದಲು ಹೆಸರೇ ಕೇಳದ ಯಾವುದೋ ಸರ್ಚ್ ಪುಟ ಬರುತ್ತದೆ. ಏನೇ ಹುಡುಕಿದರೂ ಎರಡು ಮೂರು ವಿಳಾಸ ಹಾರಿ ಬೇರೆಲ್ಲೋ ಹೋಗಿ ನಿಲ್ಲುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಸರಿಮಾಡಿದರೆ ಮಾರನೇ ದಿನ ಮತ್ತೆ ಅದೇ. ಇದೇ ಬ್ರೌಸರ್ ಹೈಜಾಕರ್. ಅಂಗಡಿಗೆ ತೆಗೆದುಕೊಂಡು ಹೋದರೆ ಜಾಸ್ತಿ ಸಲ ಸಿಗುವ ಉತ್ತರ ಒಂದೇ: "ವೈರಸ್ ಬಂದಿದೆ ಸಾರ್, ಫಾರ್ಮ್ಯಾಟ್ ಹೊಡೀಬೇಕು."

ಅಂದರೆ ಡ್ರೈವ್‌ನಲ್ಲಿರುವುದನ್ನೆಲ್ಲ ಅಳಿಸಿ ವಿಂಡೋಸ್ ಹೊಸದಾಗಿ ಹಾಕಬೇಕು ಎಂದು. ಈ ಮಾತನ್ನು ನಾನು ಒಪ್ಪುವುದಿಲ್ಲ. ಬಹುಪಾಲು ಹೈಜಾಕರ್‌ಗಳನ್ನು ಮನೆಯಲ್ಲೇ ಕೂತು, ಒಂದು ರೂಪಾಯಿ ಖರ್ಚಿಲ್ಲದೆ ತೆಗೆಯಬಹುದು. ಫಾರ್ಮ್ಯಾಟ್ ಮಾಡಿಸಿದರೂ ಎಷ್ಟೋ ಸಲ ಅದು ವಾಪಸ್ ಬರುತ್ತದೆ. ಆದರೆ ಫಾರ್ಮ್ಯಾಟ್‌ನಲ್ಲಿ ಹೋದದ್ದು ವಾಪಸ್ ಬರುವುದಿಲ್ಲ.

ನಮ್ಮ ಎದುರು ಮನೆಯ ಮೇಷ್ಟ್ರು ರಿಟೈರ್ ಆದಮೇಲೆ ಕಂಪ್ಯೂಟರ್ ಕಲಿತವರು. ಮೊಮ್ಮಗಳ ನಾಮಕರಣದ ಫೋಟೋಗಳನ್ನೆಲ್ಲ ಡೆಸ್ಕ್‌ಟಾಪ್ ಮೇಲೆಯೇ ಒಂದು ಫೋಲ್ಡರ್‌ನಲ್ಲಿ ಇಟ್ಟುಕೊಂಡಿದ್ದರು. ಸರ್ಚ್ ಪುಟ ಬದಲಾಗಿದೆ ಎಂದು ಸಿಪಿಯು ಆಟೋದಲ್ಲಿಟ್ಟುಕೊಂಡು ಒಂದು ಅಂಗಡಿಗೆ ಹೋದರು. ಸಂಜೆ ಕಂಪ್ಯೂಟರ್ ಬಂತು, ಫೋಟೋ ಬರಲಿಲ್ಲ. "ಡಿ ಡ್ರೈವ್ ಮುಟ್ಟಿಲ್ಲ ಸಾರ್, ಸಿ ಮಾತ್ರ ಹೊಡೆದಿದ್ದು" ಎಂದರಂತೆ. ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತದೆ ಎಂದು ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಕೇಳುವುದು ಅಂಗಡಿಯವರ ಕೆಲಸವಾಗಿತ್ತು. ಕೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಹೈಜಾಕರ್ ಬಂದ ಕೂಡಲೇ ಮನೆಯಲ್ಲಿ ಅನುಮಾನ ಬೀಳುವುದು ಹದಿಹರೆಯದ ಮಕ್ಕಳ ಮೇಲೆ. ನಮ್ಮ ಚಿಕ್ಕಮ್ಮ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಾರೆ. ಅವರ ಮಗ ಪಿಯುಸಿ. "ಇವನೇ ನೋಡಬಾರದ್ದು ಏನೋ ನೋಡಿರ್ತಾನೆ ಕಣೋ" ಎಂದು ನನ್ನೆದುರೇ ಅವನಿಗೆ ಬೈದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪ್ರೋಗ್ರಾಂಗಳ ಪಟ್ಟಿ ತೆರೆದು, "ಇನ್‌ಸ್ಟಾಲ್ಡ್ ಆನ್" ಎಂಬ ಕಾಲಂ ಮೇಲೆ ಕ್ಲಿಕ್ ಮಾಡಿ ತಾರೀಖಿನ ಪ್ರಕಾರ ಜೋಡಿಸಿದೆ. ಒಂದೇ ದಿನ ಮೂರು ಪ್ರೋಗ್ರಾಂ ಒಳಗೆ ಬಂದಿದ್ದವು. ಒಂದು ಪಿಡಿಎಫ್ ಜೋಡಿಸುವ ಸಾಫ್ಟ್‌ವೇರ್. ಮಿಕ್ಕ ಎರಡು ಯಾರೂ ಕೇಳದೆಯೇ ಅದರ ಹಿಂದೆ ಬಂದವು. ಪಿಡಿಎಫ್‌ದನ್ನು ಹಾಕಿದ್ದು ಚಿಕ್ಕಮ್ಮನೇ, ಕೆಲಸಕ್ಕೆ ಬೇಕು ಅಂತ. ಅವರದ್ದೂ ತಪ್ಪಲ್ಲ. ಮೋಸ ಮಾಡಲೆಂದೇ ಕಟ್ಟಿದ ಪ್ಯಾಕೆಟ್ ಅದು.

ಕೆಟ್ಟ ಸೈಟಿಗೆ ಹೋದವರಿಗೆ ಮಾತ್ರ ಇದು ಬರುತ್ತದೆ ಎಂಬ ನಂಬಿಕೆ ಮೊದಲು ಹೋಗಬೇಕು. ಜಾವಾ ನೆನಪಿದೆಯಾ? ಬೇರೆ ಕೆಲವು ಪ್ರೋಗ್ರಾಂಗಳು ಓಡಲು ಬೇಕಾಗುವ ಸಾಫ್ಟ್‌ವೇರ್. ಇನ್‌ಕಂ ಟ್ಯಾಕ್ಸ್ ರಿಟರ್ನ್ ತುಂಬುವ ಯುಟಿಲಿಟಿಗೂ ಅದು ಬೇಕಾಗಿದ್ದ ಕಾಲವಿತ್ತು. ವಿಂಡೋಸ್‌ನಲ್ಲಿ ಆ ಜಾವಾ ಹಾಕಿಕೊಳ್ಳುವಾಗ ಬ್ರೌಸರ್ ಮೇಲ್ಗಡೆ ಬಂದು ಕೂರುವ ಆಸ್ಕ್ ಟೂಲ್‌ಬಾರ್ ಎಂಬ ಸರ್ಚ್ ಪಟ್ಟಿಗೆ ಮೊದಲೇ ಟಿಕ್ ಹಾಕಿಟ್ಟಿರುತ್ತಿದ್ದರು. ಗಮನಿಸದೆ ನೆಕ್ಸ್ಟ್ ಒತ್ತಿದರೆ ಹೋಮ್‌ಪೇಜು, ಸರ್ಚು ಎಲ್ಲಾ ಬದಲು. ಕೊಡುತ್ತಿದ್ದದ್ದು ಒರಾಕಲ್‌ನಂಥ ದೊಡ್ಡ ಕಂಪನಿ. 2015ರಲ್ಲಿ ಮೈಕ್ರೋಸಾಫ್ಟ್ ಆ ಟೂಲ್‌ಬಾರ್‌ನ ಹಳೆಯ ಆವೃತ್ತಿಗಳನ್ನು ಬೇಡದ ಸಾಫ್ಟ್‌ವೇರ್ ಪಟ್ಟಿಗೆ ಸೇರಿಸಿತು. ಲೆನೊವೊ ಕಥೆ ಇನ್ನೂ ಕೆಟ್ಟದ್ದು. 2014ರ ಕೊನೆಯ ತಿಂಗಳುಗಳಲ್ಲಿ ಮಾರಿದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತುರುಕುವ ಸಾಫ್ಟ್‌ವೇರ್ ಕಂಪನಿಯಿಂದಲೇ ಒಳಗಿತ್ತು. ಬೀಗದ ಗುರುತಿರುವ ಸುರಕ್ಷಿತ ಪುಟಗಳ ನಡುವೆಯೂ ಅದು ನುಸುಳುತ್ತಿತ್ತು. 2015ರ ಫೆಬ್ರವರಿಯಲ್ಲಿ ಗಲಾಟೆ ಆದಮೇಲೆ ತೆಗೆದರು. ಡಬ್ಬ ಒಡೆದು ಹೊಸ ಲ್ಯಾಪ್‌ಟಾಪ್ ಹೊರತೆಗೆದವರಿಗೆ ಯಾವ ಸೈಟ್ ನೋಡಿದ್ದೀರಿ ಎಂದು ಬೈಯುವುದು?

ನಮ್ಮ ದೇಶಕ್ಕೂ ಇದರ ಬಿಸಿ ಚೆನ್ನಾಗಿಯೇ ತಟ್ಟಿದೆ. 2017ರ ಜೂನ್‌ನಲ್ಲಿ ಚೆಕ್ ಪಾಯಿಂಟ್ ಎಂಬ ಸೆಕ್ಯುರಿಟಿ ಕಂಪನಿ ಫೈರ್‌ಬಾಲ್ ಎಂಬ ಹೈಜಾಕರ್ ಬಗ್ಗೆ ವರದಿ ಕೊಟ್ಟಿತು. ಅದರ ಹಿಂದೆ ಇದ್ದದ್ದು ಬೀಜಿಂಗ್‌ನ ರಾಫೋಟೆಕ್ ಎಂಬ ಮಾರ್ಕೆಟಿಂಗ್ ಕಂಪನಿ ಎಂದು ಆ ವರದಿ ಹೇಳಿತು. ಜಗತ್ತಿನಲ್ಲಿ 25 ಕೋಟಿ ಕಂಪ್ಯೂಟರ್, ಅದರಲ್ಲಿ ಭಾರತದ್ದೇ 2.53 ಕೋಟಿ, ಎಲ್ಲ ದೇಶಗಳಿಗಿಂತ ಜಾಸ್ತಿ ಎಂಬುದು ಅವರ ಲೆಕ್ಕ. ಈ ಲೆಕ್ಕ ತುಂಬಾ ದೊಡ್ಡದು ಮಾಡಿ ಹೇಳಿದ್ದು ಎಂದು ಮೈಕ್ರೋಸಾಫ್ಟ್ ತಕರಾರು ತೆಗೆಯಿತು. ಫೈರ್‌ಬಾಲ್ ಕೂಡ ಬಂದದ್ದು ಉಚಿತ ಸಾಫ್ಟ್‌ವೇರ್‌ಗಳ ಬೆನ್ನ ಮೇಲೆಯೇ.

ಇದರಲ್ಲಿ ಅವರಿಗೇನು ಲಾಭ ಅಂತೀರಾ? ನೀವು ಹುಡುಕಿದ್ದು ಅವರ ನಕಲಿ ಸರ್ಚ್ ಪುಟದ ಮೂಲಕ ಹಾದುಹೋಗುತ್ತದೆ. ಕೊನೆಗೆ ಉತ್ತರ ಕೊಡುವುದು ಎಷ್ಟೋ ಸಲ ಯಾಹೂ ಅಥವಾ ಬಿಂಗ್. ನಡುವೆ ತೋರಿಸಿದ ಜಾಹೀರಾತನ್ನು ನೀವು ಒತ್ತಿದರೆ ದಾರಿ ತೋರಿಸಿದವರಿಗೆ ಕಮಿಷನ್. ಪ್ಯಾಕೆಟ್‌ನಲ್ಲಿ ಸೇರಿಸಿ ಕಳಿಸಿದವರಿಗೆ ಒಂದೊಂದು ಇನ್‌ಸ್ಟಾಲ್‌ಗೂ ಬೇರೆ ದುಡ್ಡು. ಅದಕ್ಕೇ ಅದು ಅಷ್ಟು ಹಟದಿಂದ ಕೂತಿರುತ್ತದೆ. ತೆಗೆದರೆ ಅವರ ಸಂಪಾದನೆ ನಿಲ್ಲುತ್ತದೆ ಅಲ್ವಾ.

ಸರಿ, ತೆಗೆಯುವುದು ಹೇಗೆ? ಇಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಮುಖ್ಯ. ಹೆಚ್ಚಿನವರು ಮೊದಲು ಬ್ರೌಸರ್ ಸೆಟ್ಟಿಂಗ್ಸ್ ಬದಲಿಸುತ್ತಾರೆ. ಹೊರಗೆ ಕೂತಿರುವ ಪ್ರೋಗ್ರಾಂ ಅದನ್ನು ಮತ್ತೆ ತಿರುಗಿಸುತ್ತದೆ. ಕಳೆಯನ್ನು ಬೇರು ಬಿಟ್ಟು ಮೇಲೆ ಮಾತ್ರ ಕೊಯ್ದ ಹಾಗೆ. ಹಾಗಾಗಿ ಮೊದಲು ಪ್ರೋಗ್ರಾಂ ಪಟ್ಟಿ. ಮೇಲೆ ಹೇಳಿದ ಹಾಗೆ ತಾರೀಖಿನ ಪ್ರಕಾರ ಜೋಡಿಸಿ, ಕಾಟ ಶುರುವಾದ ದಿನದ ಆಸುಪಾಸು ಬಂದದ್ದನ್ನು ನೋಡಿ. ಗುರುತಿಲ್ಲದ ಹೆಸರನ್ನು ನೆಟ್‌ನಲ್ಲಿ ಹುಡುಕಿ ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಪ್ರಿಂಟರ್, ಸೌಂಡ್, ಗ್ರಾಫಿಕ್ಸ್ ಡ್ರೈವರ್‌ಗಳ ಹೆಸರೂ ವಿಚಿತ್ರವಾಗಿರುತ್ತವೆ, ಅವನ್ನು ಮುಟ್ಟಬೇಡಿ. ಅನ್‌ಇನ್‌ಸ್ಟಾಲ್ ಮಾಡುವಾಗ ಬರುವ ಕಿಟಕಿಯನ್ನೂ ಓದಿ. "ಇಟ್ಟುಕೊಳ್ಳಿ" ಎಂಬ ಬಟನ್ ದೊಡ್ಡದಾಗಿ, "ತೆಗೆಯಿರಿ" ಎಂಬುದು ಮಸುಕಾಗಿ ಇರುವುದುಂಟು.

ಆಮೇಲೆ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳು. ಗೊತ್ತಿಲ್ಲದ್ದು, ಬಳಸದ್ದು, ಎಲ್ಲಾ ತೆಗೆಯಿರಿ. "ರಿಮೂವ್" ಬಟನ್ನೇ ಕೆಲಸ ಮಾಡದಿದ್ದರೆ ಕ್ರೋಮ್‌ನ ಮೂರು ಚುಕ್ಕೆ ಮೆನುವಿನ ಕೆಳಗಡೆ ನೋಡಿ. "ಮ್ಯಾನೇಜ್ಡ್ ಬೈ ಯುವರ್ ಆರ್ಗನೈಸೇಶನ್" ಎಂದು ಇರಬಹುದು. ಆಫೀಸ್ ಲ್ಯಾಪ್‌ಟಾಪ್ ಆದರೆ ಇದು ಸಹಜ. ಕೆಲವು ಆಂಟಿವೈರಸ್‌ಗಳೂ ಹೀಗೆ ತೋರಿಸುತ್ತವೆ. ಮನೆಯ ಕಂಪ್ಯೂಟರ್‌ನಲ್ಲಿ ಬೇರೆ ಯಾವ ಕಾರಣವೂ ಇಲ್ಲದೆ ಹಾಗೆ ಬಂದಿದ್ದರೆ, ಹೈಜಾಕರ್ ತಾನೇ ನಿಮ್ಮ ಕಂಪನಿ ಎಂದು ಕ್ರೋಮ್‌ಗೆ ನಂಬಿಸಿದೆ. ಅಡ್ರೆಸ್ ಬಾರ್‌ನಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್, ಕೋಲನ್, ಎರಡು ಸ್ಲ್ಯಾಶ್, ಪಾಲಿಸಿ ಎಂದು ಟೈಪ್ ಮಾಡಿದರೆ ಅದು ಹಾಕಿರುವ ಕಟ್ಟುಪಾಡೆಲ್ಲ ಕಾಣುತ್ತವೆ. ಚಿಕ್ಕಮ್ಮನ ಕಂಪ್ಯೂಟರ್‌ನಲ್ಲಿ "ಎಕ್ಸ್‌ಟೆನ್ಶನ್ ಇನ್‌ಸ್ಟಾಲ್ ಫೋರ್ಸ್‌ಲಿಸ್ಟ್" ಎಂಬ ಸಾಲಿನ ಎದುರು ಉದ್ದನೆಯ ಅಕ್ಷರಗಳ ಸರಪಳಿ ಇತ್ತು. ಆ ಸಾಲು ಇರುವ ತನಕ ಎಕ್ಸ್‌ಟೆನ್ಶನ್ ತೆಗೆಯಲು ಕ್ರೋಮ್ ಬಿಡುವುದೇ ಇಲ್ಲ.

ಇದನ್ನು ಬಿಡಿಸಲು ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಕೈಯಾಡಿಸಬಹುದು. ಆದರೆ ಅಭ್ಯಾಸ ಇಲ್ಲದವರು ಆ ತಂಟೆಗೆ ಹೋಗಬೇಡಿ. ಮಾಲ್‌ವೇರ್‌ಬೈಟ್ಸ್ ಕಂಪನಿಯ ಆಡ್‌ಡಬ್ಲ್ಯುಕ್ಲೀನರ್ ಎಂಬ ಉಚಿತ ಟೂಲ್ ಇದೆ. ಇಂಥ ಟೂಲ್‌ಬಾರ್, ಹೈಜಾಕರ್‌ಗಳನ್ನು ತೆಗೆಯಲೆಂದೇ ಮಾಡಿದ್ದು. ಕ್ರೋಮ್ ಪಾಲಿಸಿಗಳನ್ನು ರೀಸೆಟ್ ಮಾಡುವ ಆಯ್ಕೆಯೂ ಅದರ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಮಾಲ್‌ವೇರ್‌ಬೈಟ್ಸ್‌ನವರ ಸೈಟಿನಿಂದಲೇ ತೆಗೆದುಕೊಳ್ಳಿ. ಇದರ ಹೆಸರಿನಲ್ಲೂ ನಕಲಿಗಳು ಓಡಾಡಿವೆ. ನಮ್ಮ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರವೂ 2017ರಿಂದ ಉಚಿತ ಕ್ಲೀನಿಂಗ್ ಟೂಲ್‌ಗಳನ್ನು ಕೊಡುತ್ತಿದೆ.

ಇನ್ನೊಂದು ಮೂಲೆ ತುಂಬಾ ಜನ ನೋಡುವುದಿಲ್ಲ. ಡೆಸ್ಕ್‌ಟಾಪ್ ಮೇಲಿನ ಕ್ರೋಮ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. "ಟಾರ್ಗೆಟ್" ಎಂಬ ಸಾಲಿನ ಕೊನೆ ತನಕ ಹೋಗಿ. ಕ್ರೋಮ್ ಡಾಟ್ ಇಎಕ್ಸ್‌ಇ ಆದಮೇಲೆ ಯಾವುದಾದರೂ ವೆಬ್‌ಸೈಟ್ ವಿಳಾಸ ಅಂಟಿಕೊಂಡಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಆ ವಿಳಾಸವನ್ನಷ್ಟೇ ಅಳಿಸಿ. "ಪ್ರೊಫೈಲ್ ಡೈರೆಕ್ಟರಿ" ಎಂದು ಇದ್ದರೆ ಹೆದರಬೇಡಿ, ಅದು ಕ್ರೋಮ್‌ನದ್ದೇ. ಟಾಸ್ಕ್‌ಬಾರ್‌ನಲ್ಲಿರುವ ಐಕಾನ್ ಬೇರೆಯದು, ಅದನ್ನೂ ನೋಡಿ.

ಇಷ್ಟೆಲ್ಲ ಆದಮೇಲೆ ಬ್ರೌಸರ್ ರೀಸೆಟ್. ಕ್ರೋಮ್‌ನಲ್ಲಿ ರೀಸೆಟ್ ಮಾಡಿದರೆ ಬುಕ್‌ಮಾರ್ಕ್, ಸೇವ್ ಆದ ಪಾಸ್‌ವರ್ಡ್ ಹೋಗುವುದಿಲ್ಲ. ಎಕ್ಸ್‌ಟೆನ್ಶನ್‌ಗಳು ಆಫ್ ಆಗುತ್ತವೆ, ಸೈಟುಗಳು ಬ್ರೌಸರ್‌ನಲ್ಲಿ ಬಿಟ್ಟಿರುವ ಕುಕೀ ಎಂಬ ಸಣ್ಣ ಫೈಲುಗಳು ಅಳಿಯುತ್ತವೆ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೆ "ರಿಫ್ರೆಶ್" ಎನ್ನುತ್ತಾರೆ.

ಈಗ ಫಾರ್ಮ್ಯಾಟ್ ವಿಷಯಕ್ಕೆ ಬರುತ್ತೇನೆ. ಕ್ರೋಮ್‌ನಲ್ಲಿ ಸಿಂಕ್, ಅಂದರೆ ಬ್ರೌಸರ್‌ನಲ್ಲಿರುವುದನ್ನು ಗೂಗಲ್ ಅಕೌಂಟ್‌ಗೆ ಜೋಡಿಸಿಡುವ ಸೌಲಭ್ಯ, ಆನ್ ಇದ್ದರೆ ನಿಮ್ಮ ಎಕ್ಸ್‌ಟೆನ್ಶನ್‌ಗಳ ಪಟ್ಟಿ ಗೂಗಲ್ ಅಕೌಂಟ್‌ನಲ್ಲಿ ಕೂತಿರುತ್ತದೆ. ಅಂಗಡಿಯವರು ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ ಕೊಡುತ್ತಾರೆ. ನೀವು ಮನೆಗೆ ಬಂದು ಲಾಗಿನ್ ಆಗಿ ಸಿಂಕ್ ಶುರುವಾದ ಕೂಡಲೇ ಅದೇ ಎಕ್ಸ್‌ಟೆನ್ಶನ್ ತಾನಾಗಿಯೇ ಇಳಿಯುತ್ತದೆ. ಇನ್ನು ಎಷ್ಟೋ ಕಡೆ ಫಾರ್ಮ್ಯಾಟ್ ಜೊತೆಗೆ ಕ್ರ್ಯಾಕ್ ಮಾಡಿದ, ಅಂದರೆ ಲೈಸೆನ್ಸ್ ಇಲ್ಲದ ವಿಂಡೋಸ್, ಆಫೀಸ್ ಹಾಕಿಕೊಡುತ್ತಾರೆ. ಕ್ರ್ಯಾಕ್ ಓಡಿಸಲು ವಿಂಡೋಸ್‌ನದ್ದೇ ಆಂಟಿವೈರಸ್ ಆದ ಡಿಫೆಂಡರ್ ಆಫ್ ಮಾಡುತ್ತಾರೆ, ಮತ್ತೆ ಆನ್ ಮಾಡುವುದನ್ನು ಮರೆಯುತ್ತಾರೆ. ಬಾಗಿಲು ತೆರೆದಿಟ್ಟೇ ಕಂಪ್ಯೂಟರ್ ವಾಪಸ್ ಕೊಟ್ಟ ಹಾಗಾಯಿತು. ಮನೆಯ ಪತ್ರ, ಲೆಕ್ಕಕ್ಕೆ ಲಿಬ್ರೆ ಆಫೀಸ್ ಧಾರಾಳ ಸಾಕು. ಉಚಿತ, ಕನ್ನಡವೂ ಚೆನ್ನಾಗಿ ಬರುತ್ತದೆ.

ಫಾರ್ಮ್ಯಾಟ್ ಎಂದೆಂದಿಗೂ ಬೇಡ ಎನ್ನುತ್ತಿಲ್ಲ. ಯಾರೋ ಫೋನ್ ಮಾಡಿ ನಿಮ್ಮಿಂದ ರಿಮೋಟ್ ಆಪ್ ಹಾಕಿಸಿಕೊಂಡು ಕಂಪ್ಯೂಟರ್ ಒಳಗೆ ಓಡಾಡಿದ್ದರೆ, ಫೈಲುಗಳು ಲಾಕ್ ಆಗಿದ್ದರೆ, ಆಗ ಫಾರ್ಮ್ಯಾಟ್ ಮಾಡಿಸುವುದೇ ಸರಿ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಬರದ ಹಾಗೆ ನೋಡಿಕೊಳ್ಳುವುದು ಹೇಗೆ ಅಂದರೆ, ಜಾಸ್ತಿ ಜನ ಸಿಕ್ಕಿಬೀಳುವುದು ಡೌನ್‌ಲೋಡ್ ಪುಟದಲ್ಲಿ. ಕನ್ನಡ ಟೈಪ್ ಮಾಡುವ ನುಡಿ, ಬರಹ ಸಾಫ್ಟ್‌ವೇರ್ ಬೇಕು ಎಂದು ಹುಡುಕುತ್ತೀರಿ. ಮೊದಲು ಬರುವುದು ಎಲ್ಲಾ ಸಾಫ್ಟ್‌ವೇರ್ ಒಂದೇ ಕಡೆ ಇಟ್ಟಿರುವ ಯಾವುದೋ ಸೈಟ್. ಅದರಲ್ಲಿ ಎದ್ದು ಕಾಣುವ ಹಸಿರು ಡೌನ್‌ಲೋಡ್ ಬಟನ್ ಅಸಲಿಗೆ ಜಾಹೀರಾತು. ನಿಜವಾದ ಲಿಂಕ್ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಒತ್ತುವ ಮುಂಚೆ ಮೌಸ್ ಅದರ ಮೇಲೆ ನಿಲ್ಲಿಸಿ, ಬ್ರೌಸರ್‌ನ ಎಡಗಡೆ ಕೆಳಮೂಲೆಯಲ್ಲಿ ಯಾವ ವಿಳಾಸ ಕಾಣುತ್ತದೆ ನೋಡಿ. ಸಾಫ್ಟ್‌ವೇರ್ ಮಾಡಿದವರ ಸ್ವಂತ ಸೈಟಿನಿಂದ ಮಾತ್ರ ತೆಗೆದುಕೊಳ್ಳಿ. ಗೂಗಲ್‌ನಲ್ಲಿ "ಸ್ಪಾನ್ಸರ್ಡ್" ಎಂದು ಮೇಲೆ ಬಂದದ್ದೆಲ್ಲ ಅಸಲಿ ಅಲ್ಲ. ಸುಮ್ನೆ ಕನ್ನಡ ಟೈಪ್ ಮಾಡಲು ಆದರೆ ಏನೂ ಇಳಿಸಿಕೊಳ್ಳುವುದೇ ಬೇಡ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ.

ಇನ್‌ಸ್ಟಾಲ್ ಮಾಡುವಾಗ "ಎಕ್ಸ್‌ಪ್ರೆಸ್" ಬೇಡ, "ಕಸ್ಟಮ್" ಆರಿಸಿ. ಬೇಡದ ಟಿಕ್ ತೆಗೆಯಿರಿ. ವಿಂಡೋಸ್ ಸೆಕ್ಯುರಿಟಿಯೊಳಗೆ "ಪೊಟೆನ್ಶಿಯಲಿ ಅನ್‌ವಾಂಟೆಡ್ ಆಪ್ ಬ್ಲಾಕಿಂಗ್" ಎಂಬುದು ಆನ್ ಇದೆಯಾ ನೋಡಿ. ದಿನನಿತ್ಯದ ಬಳಕೆಗೆ ಅಡ್ಮಿನಿಸ್ಟ್ರೇಟರ್ ಅಲ್ಲದ ಬೇರೆ ಅಕೌಂಟ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಕ್ರಿಕೆಟ್ ಪುಕ್ಕಟೆ ನೋಡುವ ಸೈಟುಗಳ ಆಟವೇ ಬೇರೆ. "ನೀವು ರೋಬೋಟ್ ಅಲ್ಲ ಎಂದು ತೋರಿಸಲು ಅಲೋ ಒತ್ತಿ" ಎನ್ನುತ್ತವೆ. ಒತ್ತಿದರೆ ನೀವು ಕೊಟ್ಟದ್ದು ನೋಟಿಫಿಕೇಶನ್ ಕಳಿಸುವ ಅನುಮತಿ. ಆಮೇಲೆ ಸ್ಕ್ರೀನಿನ ಬಲ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರ್‌ನಲ್ಲಿ ವೈರಸ್" ಎಂಬ ಸುಳ್ಳು ಎಚ್ಚರಿಕೆ ಬರುತ್ತಲೇ ಇರುತ್ತದೆ. ಎಷ್ಟೋ ಹಿರಿಯರು ಇದಕ್ಕೆ ಹೆದರಿ ಅಲ್ಲಿರುವ ನಂಬರಿಗೆ ಫೋನ್ ಮಾಡುತ್ತಾರೆ. ಕ್ರೋಮ್ ಸೆಟ್ಟಿಂಗ್ಸ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದು, ಅಲೋ ಪಟ್ಟಿಯಲ್ಲಿರುವ ಆ ಸೈಟನ್ನು ತೆಗೆದರೆ ಎಲ್ಲ ನಿಲ್ಲುತ್ತದೆ. ಎರಡು ನಿಮಿಷದ ಕೆಲಸ.

ಇದನ್ನು ಬರೀ ಕಿರಿಕಿರಿ ಎಂದು ಬಿಟ್ಟುಬಿಡಬೇಡಿ. "ಎಲ್ಲ ಸೈಟುಗಳ ಮಾಹಿತಿ ಓದಲು, ಬದಲಿಸಲು" ಅನುಮತಿ ಪಡೆದ ಎಕ್ಸ್‌ಟೆನ್ಶನ್‌ಗೆ ನಿಮ್ಮ ಬ್ಯಾಂಕ್ ಪುಟವೂ ಕಾಣುತ್ತದೆ. ಒಳ್ಳೆಯ ಎಕ್ಸ್‌ಟೆನ್ಶನ್‌ಗಳೂ ಕೈ ಬದಲಾಗುತ್ತವೆ. ಗ್ರೇಟ್ ಸಸ್ಪೆಂಡರ್ ಎಂಬುದನ್ನು ಲಕ್ಷಗಟ್ಟಲೆ ಜನ ನಂಬಿ ಬಳಸುತ್ತಿದ್ದರು. 2020ರಲ್ಲಿ ಅದು ಬೇರೆಯವರಿಗೆ ಮಾರಾಟವಾಯಿತು. ಅದರಲ್ಲಿ ಮಾಲ್‌ವೇರ್ ಇದೆ ಎಂದು 2021ರ ಫೆಬ್ರವರಿಯಲ್ಲಿ ಗೂಗಲ್ ತೆಗೆದುಹಾಕಿತು. ಹಾಗಾಗಿ ಕ್ಲೀನ್ ಆದಮೇಲೆ ಇಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಆ ಕಂಪ್ಯೂಟರ್‌ನಲ್ಲಿ ಬೇಡ, ಫೋನಿನಲ್ಲಿ ಬದಲಿಸಿ.

ಅಂಗಡಿ ನಡೆಸುವ ಗೆಳೆಯರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ಹೈಜಾಕರ್ ತೆಗೆಯಲು ಒಂದು ಗಂಟೆ ಬೇಕು, ಅದಕ್ಕೆ ದುಡ್ಡು ತೆಗೆದುಕೊಳ್ಳಿ, ಯಾರೂ ಬೇಡ ಎನ್ನುವುದಿಲ್ಲ. ಫಾರ್ಮ್ಯಾಟ್ ಮಾಡಲೇಬೇಕಾದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್, ಈ ನಾಲ್ಕು ಫೋಲ್ಡರ್ ಕಾಪಿ ಮಾಡಿಕೊಂಡು, ತಂದವರಿಗೆ ತೆರೆದು ತೋರಿಸಿ, ಆಮೇಲೆ ಶುರುಮಾಡಿ.

ನಿಮ್ಮ ಮನೆಯಲ್ಲಿ ಈ ಕಾಟ ಇದ್ದರೆ ಪ್ರೋಗ್ರಾಂ ಪಟ್ಟಿ ಮತ್ತು ಎಕ್ಸ್‌ಟೆನ್ಶನ್ ಪುಟದ ಫೋಟೋ ತೆಗೆದು ಇಲ್ಲೇ ಕೆಳಗೆ ಹಾಕಿ. ಇಮೇಲ್ ವಿಳಾಸ ಕಾಣದ ಹಾಗೆ ನೋಡಿಕೊಳ್ಳಿ. ಯಾವುದನ್ನು ತೆಗೆಯಬಹುದು, ಯಾವುದನ್ನು ಮುಟ್ಟಬಾರದು ಎಂದು ಬಿಡುವಾದಾಗ ನೋಡಿ ಹೇಳುತ್ತೇನೆ.