ಬೆಟ್ಟವಿಲ್ಲದ ಊರಿನ ಭೂಗೋಳ

ಶಾಲೆಯ ಭೂಗೋಳದಲ್ಲಿ ಯಾವ ಪ್ರದೇಶದ ಪರಿಚಯವಾದರೂ ಪರ್ವತ, ನದಿ, ಮಣ್ಣು, ಖನಿಜ ಎಂಬ ಕ್ರಮದಲ್ಲಿಯೇ ನಡೆಯಬೇಕು. ಆ ಕ್ರಮವನ್ನು ನಂಬಿ ಲಕ್ಷದ್ವೀಪದ ಬಗ್ಗೆ ಉತ್ತರ ಬರೆಯಹೊರಟ ವಿದ್ಯಾರ್ಥಿಯ ಪಾಡು ಕಷ್ಟದ್ದು. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ, ದಾಟಲು ಒಂದು ತೊರೆಯೂ ಇಲ್ಲ. 36 ದ್ವೀಪಗಳನ್ನು ಒಟ್ಟುಗೂಡಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರ್. ಅದೂ ಬಹುಪಾಲು ಸಮುದ್ರಮಟ್ಟದಿಂದ ಒಂದೆರಡು ಮೀಟರ್ ಮಾತ್ರ ಮೇಲೆ. 1885ರಲ್ಲಿ ಬ್ರಿಟಿಷರು ಕಟ್ಟಿಸಿದ ಮಿನಿಕಾಯ್ ದೀಪಸ್ತಂಭವನ್ನು ಬಿಟ್ಟರೆ ತೆಂಗಿನ ಮರಗಳೇ ಅಲ್ಲಿನ ಗಿರಿಶಿಖರಗಳು.

ಈ ನೆಲವನ್ನು ಕಟ್ಟಿದವು ಜೀವಿಗಳು. ಮುಳುಗುತ್ತಿದ್ದ ಜ್ವಾಲಾಮುಖಿಯ ಸುತ್ತ ಹವಳದ ಹುಳುಗಳು ಬೆಳಕಿಗಾಗಿ ಮೇಲಮೇಲಕ್ಕೆ ಬೆಳೆಯುತ್ತ ಹೋಗಿ, ಕೊನೆಗೆ ಬೆಟ್ಟವು ಪೂರ್ತಿ ಮರೆಯಾದ ಮೇಲೂ ಬಳೆಯಂಥ ದಿಬ್ಬವೊಂದು ಉಳಿಯುತ್ತದೆ ಎಂಬ ವಿವರಣೆಯನ್ನು ಡಾರ್ವಿನ್ 1842ರಲ್ಲಿಯೇ ಮುಂದಿಟ್ಟಿದ್ದ. ಬಳೆಯೊಳಗಿನ ತಿಳಿನೀಲಿ ಕೊಳವನ್ನು ನೋಡಲೆಂದೇ ಜನ ಅಗತ್ತಿಯ ಕಿರಿದಾದ ವಿಮಾನನಿಲ್ದಾಣದಲ್ಲಿ ಇಳಿಯುತ್ತಾರೆ. ಅವರು ಮೈಚಾಚುವ ಬಿಳಿಮರಳಿಗೂ ಒಂದು ಚರಿತ್ರೆಯಿದೆ. ಗಿಳಿಯ ಕೊಕ್ಕಿನಂಥ ಬಾಯುಳ್ಳ ಮೀನುಗಳು ಪಾಚಿಗಾಗಿ ಹವಳವನ್ನು ಕೆರೆದು ನುಂಗಿ, ಅರೆದು, ಹಿಂದಿನಿಂದ ಮರಳಾಗಿ ವಿಸರ್ಜಿಸುತ್ತವೆ. ಮಧುಚಂದ್ರದ ದಂಪತಿಗಳ ಹಾಸಿಗೆಯಲ್ಲಿ ಮೀನಿನ ಮಲದ ಪಾಲೂ ಇದೆಯೆಂಬುದನ್ನು ಪ್ರವಾಸೋದ್ಯಮದ ಬಣ್ಣದ ಚಿತ್ರಗಳು ಹೇಳದಿರುವುದು ಸಹಜವೇ.

ನನಗೆ ಹೆಚ್ಚು ಸೋಜಿಗವೆನಿಸುವುದು ಬಾವಿ. ನಾಲ್ಕೂ ಕಡೆ ಉಪ್ಪುನೀರಿರುವ ಈ ಮರಳದಿಣ್ಣೆಯಲ್ಲಿ ಕೆಲವೇ ಅಡಿ ತೋಡಿದರೆ ಸಿಹಿನೀರು ದೊರೆಯುತ್ತದೆ. ಮರಳಿನಲ್ಲಿ ಇಂಗಿದ ಮಳೆನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ, ಹಾಲಿನ ಮೇಲಿನ ಕೆನೆಯಂತೆ, ತೆಳುವಾಗಿ ಅದರ ಮೇಲೆಯೇ ನಿಲ್ಲುತ್ತದೆ. ಬಿಂದಿಗೆಯಿಂದ ಸೇದುವಷ್ಟು ದಿನ ಇದಕ್ಕೆ ಧಕ್ಕೆಯಿರಲಿಲ್ಲ. ಪಂಪು ಹಾಕಿ ಅತಿಯಾಗಿ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಇದಕ್ಕಾಗಿಯೇ 2005ರಲ್ಲಿ ಕವರತ್ತಿಯಲ್ಲಿ ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು ತಯಾರಿಸುವ ಸ್ಥಾವರ ಬಂತು. ಮೇಲ್ಪದರದ ಬೆಚ್ಚನೆಯ ಕಡಲನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದ ತಂದ ತಣ್ಣನೆಯ ನೀರಿನ ನೆರವಿನಿಂದ ಅದನ್ನು ಮತ್ತೆ ನೀರಾಗಿಸುವುದು ಅದರ ಕೆಲಸ.

ಹವಾಮಾನದ ಬಗ್ಗೆ ಹೇಳುವುದು ಸ್ವಲ್ಪವೇ. ಸುತ್ತಲಿನ ಕಡಲು ಬಿಸಿಲನ್ನೂ ಚಳಿಯನ್ನೂ ಅತಿರೇಕಕ್ಕೆ ಹೋಗಗೊಡದ ಕಾರಣ ಅಲ್ಲಿ ಕಂಬಳಿಯ ವ್ಯಾಪಾರಿಗೆ ಭವಿಷ್ಯವಿಲ್ಲ. ಮಳೆ ಮಾತ್ರ ವಿಚಾರಿಸತಕ್ಕದ್ದು. ಮಂಗಳೂರನ್ನು ತೋಯಿಸುವ ಮುಂಗಾರಿನ ಮಾರುತವೇ ಈ ದ್ವೀಪಗಳ ಮೇಲೂ ಹಾಯುತ್ತದೆ. ಆದರೂ ಮಂಗಳೂರಿಗೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆ ಇಲ್ಲಿ ಸುಮಾರು 1,600ಕ್ಕೆ ನಿಲ್ಲುತ್ತದೆ. ಮೋಡಗಳನ್ನು ತಡೆದು ಮೇಲಕ್ಕೆತ್ತಲು ಇಲ್ಲಿ ಸಹ್ಯಾದ್ರಿಯಿಲ್ಲ.

ಮಳೆ ಕಡಿಮೆಯೆಂದು ಗಾಳಿ ಸುಮ್ಮನಿರುವುದಿಲ್ಲ. ಅಮಿನಿ, ಕಡಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕನ್ನಡಕ್ಕೇ ಸೇರಿದ್ದು, ಅಲ್ಲಿನವರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು. ಅಕ್ಕಿ ಹೇರಿದ ಹಾಯಿದೋಣಿಗಳು ಮುಂಗಾರಿಗೆ ಮೊದಲೇ ಊರು ಸೇರಬೇಕಿತ್ತು. ತಡವಾದರೆ ಕಡಲು ಶಾಂತವಾಗುವ ತನಕ ಅವು ಮಂಗಳೂರಿನಲ್ಲೇ ಉಳಿಯುತ್ತಿದ್ದವು, ದ್ವೀಪದವರು ತೆಂಗಿನಕಾಯಿ ಮತ್ತು ಮೀನಿನಲ್ಲಿ ದಿನ ದೂಡಬೇಕಾಗುತ್ತಿತ್ತು.