ಬಸ್ಸೇ ಇಲ್ಲದ ಊರಿಗೆ 10 ಗಂಟೆಯ ಗಡುವು
2021ರ ಲಾಕ್‌ಡೌನ್‌ನಲ್ಲಿ ದಿನಸಿ ಅಂಗಡಿ ಬೆಳಿಗ್ಗೆ 6ರಿಂದ 10ರವರೆಗೆ ತೆರೆದಿತ್ತು, ಹಾಗಾಗಿ ಜನರಿಗೆ ತೊಂದರೆ ಆಗಲಿಲ್ಲ ಅಂತ ಲೇಖನದಲ್ಲಿ ಬರೆದಿದ್ದೀರಿ. ಶಿವಮೊಗ್ಗ ಪೇಟೆಗೆ ಅದು ಸರಿ ಇರಬಹುದು. ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಬಸ್ ನಿಂತಿತ್ತು. ನನ್ನ ತಮ್ಮ ಕತ್ತಲಲ್ಲೇ ಟಾರ್ಚ್ ಹಿಡಿದು ನಡೆದು ಹೋದರೂ ಒಂದು ದಿನ ಎಮ್ಮೆಗೆ ಹಿಂಡಿ ಸಿಗದೆ ಬರಿಗೈಲಿ ವಾಪಸ್ ಬಂದ. ಕೊಟ್ಟಿಗೆಯಲ್ಲಿ ಎಮ್ಮೆ ಕೂಗುವುದನ್ನು ಕೇಳೋಕೆ ಆಗುತ್ತಿರಲಿಲ್ಲ.

ಸೂಚನೆಗಳೆಲ್ಲ ವಾಟ್ಸಾಪ್‌ನಲ್ಲಿ ಬರುತ್ತಿದ್ದವು. ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕು! ಕೊನೆಗೆ ನಮಗೆ ವಿಷಯ ತಿಳಿಸಿದ್ದು ಆಶಾ ಕಾರ್ಯಕರ್ತೆ. ಮಳೆಯಲ್ಲಿ ಕೊಡೆ ಹಿಡಿದು ಬಂದು, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಫೋನ್ ನಂಬರ್‌ಗಳನ್ನು ದೊಡ್ಡದಾಗಿ ಬರೆದು, ಅನ್ನದ ಅಗುಳಿನಿಂದ ಬಾಗಿಲಿಗೆ ಅಂಟಿಸಿ ಹೋದರು. ಕನ್ನಡಕ ಇಲ್ಲದ ಅಮ್ಮನೂ ಓದಬಹುದಿತ್ತು.

ಹೀಗೆ ಮನೆ ಬಾಗಿಲಿಗೇ ಬಂದು ರೋಗದ ಎಚ್ಚರಿಕೆ ಹೇಳುವುದು ಮಲೆನಾಡಿಗೆ ಹೊಸದೇನಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ, ಉಣ್ಣೆ ಕಚ್ಚಿ ಹರಡುವ ಮಂಗನ ಕಾಯಿಲೆ ಇವತ್ತಿಗೂ ಹೋಗಿಲ್ಲ. ಕಾಡಿಗೆ ಹೋಗುವ ಮುಂಚೆ ಉಣ್ಣೆ ಕಚ್ಚದಂತೆ ಮೈಗೆ ತೈಲ ಹಚ್ಚಿಕೊಳ್ಳಿ ಅಂತ ಮನೆ ಮನೆಗೆ ಬಂದು ಹೇಳುತ್ತಾರಲ್ವಾ? ಲಾಕ್‌ಡೌನ್ ಸೂಚನೆಯೂ ಹಾಗೇ ಬರಬೇಕಿತ್ತು. ಜೊತೆಗೆ ಪಂಚಾಯ್ತಿಯಿಂದ ವಾರಕ್ಕೊಂದು ದಿನಸಿ ಗಾಡಿ ಕಳಿಸಿದ್ದರೆ ನಮ್ಮಂಥವರು ಪೇಟೆಗೆ ಹೋಗುವ ಪ್ರಮೇಯವೇ ಇರುತ್ತಿರಲಿಲ್ಲ.