ಸತ್ಯಾಂಶ: ಉತಾರದಲ್ಲಿ (ಪಹಣಿಯಲ್ಲಿ) ಹೆಸರಿಲ್ಲದವರು ರೈತರೇ ಅಲ್ಲವೇ?

‘ಉತಾರದಲ್ಲಿ ಹೆಸರಿಲ್ಲದ ಹೆಣ್ಣುಮಕ್ಕಳು, ಯುವಕರು ರೈತರಲ್ಲ, ಅವರಿಗೆ ಬೆಳೆ ವಿಮೆಯೂ ಇಲ್ಲ, ರೈತರ ಕಂಪನಿಯಲ್ಲಿ ಜಾಗವೂ ಇಲ್ಲ.’ ಗದಗ, ಹಾವೇರಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಈ ಸಂದೇಶ ಮುಕ್ಕಾಲು ಪಾಲು ತಪ್ಪು.

ನಿಜವಿರುವುದು ಇಷ್ಟು: ಪಿಎಂ ಕಿಸಾನ್ ಹಣಕ್ಕೆ ಜಮೀನು ಹೆಸರಿನಲ್ಲಿರಬೇಕು. ಉಳಿದದ್ದು ಹಾಗಲ್ಲ. 2007ರ ರಾಷ್ಟ್ರೀಯ ರೈತರ ನೀತಿಯೇ ಗೇಣಿದಾರರನ್ನೂ ಕೃಷಿ ಕಾರ್ಮಿಕರನ್ನೂ ರೈತರೆಂದು ಎಣಿಸುತ್ತದೆ.

ಮಳೆ ಕೈಕೊಡುವ ಈ ಸೀಮೆಯಲ್ಲಿ ವಿಮೆಯ ವಿಷಯ ಮುಖ್ಯ. ಫಸಲ್ ಬಿಮಾ ಯೋಜನೆಯಲ್ಲಿ ಲಾವಣಿಗೆ (ಗೇಣಿಗೆ) ಅಥವಾ ಪಾಲಿಗೆ ಹೊಲ ಮಾಡುವವರೂ ಅರ್ಹರು, ಆದರೆ ಅದಕ್ಕೆ ಕಾಗದಪತ್ರ ಬೇಕು. ಬಾಯಿಮಾತಿನ ಲಾವಣಿಯೇ ಹೆಚ್ಚಿರುವುದರಿಂದ ಅನೇಕರು ಎಡವುವುದು ಇಲ್ಲಿ. ಅದನ್ನೇ ಜನ ‘ನಿಯಮವೇ ಇಲ್ಲ’ ಎಂದುಕೊಳ್ಳುತ್ತಾರೆ. ಆಹಾರಧಾನ್ಯ ಮತ್ತು ಎಣ್ಣೆಕಾಳಿಗೆ ರೈತರ ಪಾಲಿನ ವಿಮಾ ಕಂತು ಮುಂಗಾರಿಗೆ ವಿಮಾ ಮೊತ್ತದ ಗರಿಷ್ಠ ಶೇ 2, ಹಿಂಗಾರಿಗೆ ಶೇ 1.5.

ರೈತರ ಕಂಪನಿಗೆ, ಅಂದರೆ ಉತ್ಪಾದಕರ ಕಂಪನಿಗೆ ಸೇರಲು ಕಾನೂನು ಕೇಳುವುದು ಉತ್ಪಾದನೆಗೆ ಸಂಬಂಧಿಸಿದ ಕೆಲಸವನ್ನು, ಜಮೀನನ್ನಲ್ಲ. ಹೈನುಗಾರಿಕೆಯೂ ಆ ಲೆಕ್ಕಕ್ಕೆ ಬರುತ್ತದೆ.

ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಮಹಿಳಾ ಸ್ವಸಹಾಯ ಸಂಘವನ್ನೇ ನೋಡಿ. ಸಿರಿಧಾನ್ಯ ಮತ್ತು ದೇಸಿ ಬೀಜಗಳ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಪಡೆದವರು ಇವರು. ಬರಕ್ಕೆ ಜಗ್ಗದ ಬೆಳೆಯನ್ನು ಉಳಿಸುವವರನ್ನು ರೈತರಲ್ಲ ಎನ್ನಲು ನಾಲಿಗೆ ಹೇಗೆ ಬರುತ್ತದೋ!

ಇನ್ನು ಉತಾರದ ಮಾತಿಗೇ ಬಂದರೆ, ಪಿತ್ರಾರ್ಜಿತ ಹೊಲದಲ್ಲಿ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕರ್ನಾಟಕ 1994ರಲ್ಲೇ, ಕೇಂದ್ರ 2005ರಲ್ಲಿ ಕಾನೂನಾಗಿಸಿವೆ. ಲಾವಣಿ ಕರಾರು ಬರೆಸಿಕೊಂಡವರು ಬೆಳೆ ವಿಮೆ ನೋಂದಣಿಯ ಕೊನೆಯ ದಿನಾಂಕವನ್ನು ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿಕೊಳ್ಳಬಹುದು.